ನೆದರ್ಲೆಂಡ್ಸಿನ ಮುಕ್ತ ಪ್ರಕಟಣ ನೀತಿ: ಒಂದು ವಿಮರ್ಶೆ

ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಯ ಫಲವು ಸಾರ್ವಜನಿಕರಿಗೆ ಉಚಿತವಾಗಿ ದೊರೆಯಬೇಕೆಂಬ ವಾದವನ್ನು ರಾಷ್ಟ್ರೀಯ ನೀತಿಯನ್ನಾಗಿ ಸ್ವೀಕರಿಸಿ, ಅದನ್ನು ಬಹುಮಟ್ಟಿಗೆ ಕಾರ್ಯಗತಗೊಳಿಸಿದ ದೇಶಗಳಲ್ಲಿ ನೆದರ್ಲೆಂಡ್ಸ್ ಮುಂಚೂಣಿಯಲ್ಲಿದೆ. ವಿಸ್ತೀರ್ಣದಲ್ಲಿ ಅದು ಕರ್ನಾಟಕದ ಕಾಲುಭಾಗಕ್ಕೂ ಕಡಿಮೆಯಾದ ದೇಶ. ಆದರೆ ವಿದ್ವತ್ ಗ್ರಂಥಗಳ ಪ್ರಕಾಶನದಲ್ಲಿ ಅದರ ಸ್ಥಾನ ಚಿಕ್ಕದಲ್ಲ. ಇಟಲಿಯಲ್ಲಿ ಮುದ್ರಣಕ್ಕೆ ಅವಕಾಶವಿಲ್ಲದಿದ್ದ ಗೆಲಿಲಿಯೊನ ಕೊನೆಯ ಮಹಾಕೃತಿಯನ್ನು ೧೬೩೮ರಲ್ಲಿ ಮುದ್ರಿಸಿಕೊಟ್ಟವರು ಲೈಡನ್ ನಗರದ ಎಲ್ಜೆವೀರ್ ಮನೆತನದವರು. ಪ್ರಾಚ್ಯವಿದ್ಯೆಯ ಅಭ್ಯಾಸಿಗಳಿಗೆಲ್ಲ ಪರಿಚಿತವಾದ ಬ್ರಿಲ್ ಸಂಸ್ಥೆಯ ಮೂಲವು ಅದೇ ನಗರದಲ್ಲಿ ೧೬೮೩ರಷ್ಟು ಹಿಂದಕ್ಕೆ ಹೋಗುತ್ತದೆ. ೧೮೮೦ರಲ್ಲಿ ರಾಟರ್‌ಡಾಮಿನಲ್ಲಿ ಸ್ಥಾಪಿತವಾಗಿ, ಆ ಹಳೆಯ ಮನೆತನದ ಹೆಸರನ್ನು ಎರವಲು ಪಡೆದ ಎಲ್ಸೆವಿಯರ್ ಸಂಸ್ಥೆಯು ಇಂದು ಜಗತ್ತಿನ ವಿದ್ವತ್ಪತ್ರಿಕೆಗಳ ಪ್ರಕಾಶಕರಲ್ಲಿ ಅತ್ಯಂತ ದೊಡ್ಡವುಗಳಲ್ಲೊಂದು. ಹೀಗೆ ಮುಕ್ತ ಪ್ರಕಟಣೆಯ ನೀತಿಯನ್ನು ಕೈಗೊಂಡಾಗ ಡಚ್ಚರು ತಮ್ಮ ಮನೆಯ ವ್ಯಾಪಾರವನ್ನೇ ಎದುರುಹಾಕಿಕೊಂಡಂತಾಯಿತು. ಆ ಕಾರಣಕ್ಕಾಗಿಯೇ ಈ ಪ್ರಯೋಗವು ಸೂಕ್ಷ್ಮವಾದ ಪರಿಶೀಲನೆಗೆ ಅರ್ಹವಾಗಿದೆ.

ಹಸ್ತಪ್ರತಿಶಾಸ್ತ್ರಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಪ್ರಾಕೃತ ಮತ್ತು ಸಂಸ್ಕೃತ ಗ್ರಂಥಗಳನ್ನು ಕುರಿತು ಯುರೋಪಿನಲ್ಲಿ ನಡೆಯುವ ಕೆಲಸದ ಗಣನೀಯ ಭಾಗ ಡಚ್ ಪ್ರಕಾಶಕರ ಮೂಲಕ ಹೊರಬರುತ್ತದೆ. ಆ ಲೇಖನಗಳಿಗೆ ಆಧಾರವಾದ ಓಲೆಗರಿಗಳಾದರೋ ಅನೇಕ ವೇಳೆ ನಮ್ಮ ಬಸದಿ, ಮಠ, ಭಂಡಾರಗಳಲ್ಲಿಯೋ ಕಾಠ್ಮಂಡುವಿನಲ್ಲಿಯೋ ಇರುತ್ತವೆ. ಓಲೆಯನ್ನು ಕಾಪಾಡಿಕೊಂಡು ಬಂದವನು ಆ ಓಲೆಯ ಮೇಲೆ ಬರೆದ ಲೇಖನವನ್ನು ಓದಬಲ್ಲನೆ, ಆ ಪತ್ರಿಕೆಯಲ್ಲಿ ತಾನೂ ಬರೆಯಬಲ್ಲನೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವು ಹೇಗ್ ಮತ್ತು ಆಮ್‌ಸ್ಟರ್‌ಡಾಮ್ ನಗರಗಳಲ್ಲಿ ನಡೆಯುವ ಮಾತುಕತೆಗಳನ್ನು ಸ್ವಲ್ಪಮಟ್ಟಿಗೆ ಅವಲಂಬಿಸಿದೆ. ಆದುದರಿಂದ ಈ ನೀತಿಯ ಗುಣದೋಷಗಳನ್ನು ನಮ್ಮ ಕ್ಷೇತ್ರದ ದೃಷ್ಟಿಯಿಂದ ವಿವೇಚಿಸುವುದು ಅಪ್ರಸ್ತುತವಾಗಲಾರದು.

ಮೊದಲು ಹಳೆಯ ವ್ಯವಸ್ಥೆಯ ಸ್ವರೂಪವನ್ನು ನೆನೆಯಬೇಕು. ವಿದ್ವಾಂಸನಿಗೆ ವೇತನ ಕೊಡುವುದು ಸರ್ಕಾರ. ಅವನ ಯೋಜನೆಗೆ ಅನುದಾನ ಕೊಡುವುದೂ ಸರ್ಕಾರದ ಮಂಡಳಿ. ಅವನು ಲೇಖನವನ್ನು ಬರೆದು ಸಂಭಾವನೆಯಿಲ್ಲದೆ ಪತ್ರಿಕೆಗೆ ಕೊಡುತ್ತಾನೆ. ಅದನ್ನು ಓದಿ ಅಭಿಪ್ರಾಯ ತಿಳಿಸುವ ಸಹವಿದ್ವಾಂಸರೂ ಸಂಭಾವನೆ ಪಡೆಯುವುದಿಲ್ಲ. ಪ್ರಕಾಶಕನು ಕೃತಿಸ್ವಾಮ್ಯವನ್ನು ಬರೆಸಿಕೊಂಡು ಪ್ರಕಟಿಸುತ್ತಾನೆ. ಆ ಮೇಲೆ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯವು ಅದೇ ಲೇಖನವನ್ನು ಚಂದಾ ತೆತ್ತು ಕೊಳ್ಳುತ್ತದೆ. ಪ್ರಕಾಶಕನು ಏನೂ ಮಾಡುವುದಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಮುದ್ರಣ, ಪರಿಷ್ಕಾರ, ವಿತರಣೆ, ಸಂರಕ್ಷಣೆ ಇವೆಲ್ಲ ಖರ್ಚಿನ ಕೆಲಸಗಳೇ. ಆದರೆ ಕೇಳುತ್ತಿದ್ದ ಬೆಲೆಗೂ ಈ ಖರ್ಚಿಗೂ ಇದ್ದ ಸಂಬಂಧ ದಿನೇ ದಿನೇ ಸಡಿಲವಾಗುತ್ತ ಬಂದಿತೆಂಬುದನ್ನು ಗ್ರಂಥಪಾಲಕರು ಯಾರೂ ಅಲ್ಲಗಳೆಯಲಾರರು.

ಡಚ್ ಸರ್ಕಾರದ ಸಂಶೋಧನಾ ಅನುದಾನವನ್ನು ಹಂಚುವ ಮುಖ್ಯ ಮಂಡಳಿಯು ೧೯೫೦ರಲ್ಲಿ ಸ್ಥಾಪಿತವಾಗಿ ೧೯೮೮ರಿಂದ ಎನ್.ಡಬ್ಲ್ಯು.ಓ. ಎಂಬ ಹೆಸರಿನಿಂದ ನಡೆಯುತ್ತಿದೆ. ಉತ್ತೇಜನ ನಿಧಿಯೊಂದನ್ನು ತೆರೆದು, ಮುಕ್ತವಾಗಿ ಪ್ರಕಟಿಸುವವರ ಶುಲ್ಕವನ್ನು ಭರಿಸುವುದು ಅದರ ಮೊದಲ ಉಪಾಯವಾಗಿತ್ತು. ೨೦೧೩ರಲ್ಲಿ ಆಗಿನ ಶಿಕ್ಷಣ ಖಾತೆಯ ರಾಜ್ಯಕಾರ್ಯದರ್ಶಿ ಸಾಂಡರ್ ಡೆಕ್ಕರ್ ಅವರು ಸಂಸತ್ತಿಗೆ ಬರೆದ ಪತ್ರದಲ್ಲಿ ೨೦೨೪ರ ವೇಳೆಗೆ ಡಚ್ ವಿದ್ವಾಂಸರ ಲೇಖನಗಳೆಲ್ಲ ಮುಕ್ತವಾಗಿರಬೇಕೆಂಬ ಗುರಿಯನ್ನು ಸಾರಿದರು. ೨೦೧೫ರ ಡಿಸೆಂಬರಿನಿಂದ ಎನ್.ಡಬ್ಲ್ಯು.ಓ. ತನ್ನ ಅನುದಾನದಿಂದ ನಡೆದ ಸಂಶೋಧನೆಯ ಲೇಖನವು ಪ್ರಕಟವಾದೊಡನೆಯೇ ಮುಕ್ತವಾಗಿರಬೇಕೆಂದು ನಿಯಮ ಮಾಡಿತು. ೨೦೧೮ರ ಸೆಪ್ಟೆಂಬರಿನಲ್ಲಿ ಯುರೋಪಿನ ಹನ್ನೊಂದು ಅನುದಾನ ಮಂಡಳಿಗಳು ಸೇರಿ ಘೋಷಿಸಿದ 'ಪ್ಲಾನ್ ಎಸ್' ಎಂಬ ಯೋಜನೆಯಲ್ಲಿ ಎನ್.ಡಬ್ಲ್ಯು.ಓ. ಒಂದು, ಆ ಯೋಜನೆಯ ಶಿಲ್ಪಿಯೆನಿಸಿದ ರಾಬರ್ಟ್-ಯಾನ್ ಸ್ಮಿಟ್ಸ್ ಅವರೂ ಡಚ್ಚರೇ. ಅಂಕಿಗಳನ್ನು ನೋಡಿದರೆ ಫಲಿತಾಂಶ ಬೆರಗುಗೊಳಿಸುತ್ತದೆ. ಡಚ್ ವಿಶ್ವವಿದ್ಯಾಲಯಗಳ ಲೇಖನಗಳಲ್ಲಿ ಮುಕ್ತವಾದವುಗಳ ಪ್ರಮಾಣ ೨೦೧೮ರಲ್ಲಿ ನೂರಕ್ಕೆ ೫೪ರಷ್ಟಿದ್ದುದು ೨೦೨೦ರಲ್ಲಿ ೭೩ಕ್ಕೂ ೨೦೨೧ರಲ್ಲಿ ೮೨ಕ್ಕೂ ಏರಿತು.

ಈ ಏರಿಕೆಯ ಹಿಂದಿನ ಕಾರಣವನ್ನು ವಿಚಾರಿಸದೆ ಅಂಕಿಗಳನ್ನು ಮಾತ್ರ ಮೆಚ್ಚಿಕೊಳ್ಳುವುದು ವಿಮರ್ಶಕನಿಗೆ ತಕ್ಕದ್ದಲ್ಲ. ಏರಿಕೆಯ ಬಹುಭಾಗ ಬಂದುದು ವಿಶ್ವವಿದ್ಯಾಲಯಗಳ ಒಕ್ಕೂಟವು ದೊಡ್ಡ ಪ್ರಕಾಶಕರೊಡನೆ ಮಾಡಿಕೊಂಡ ಸಗಟು ಒಪ್ಪಂದಗಳಿಂದ. ಮೊದಲು ಸ್ಪ್ರಿಂಗರ್, ೨೦೧೫ರ ಕೊನೆಯಲ್ಲಿ ಎಲ್ಸೆವಿಯರ್, ೨೦೧೬ರಲ್ಲಿ ವೈಲಿ, ಹೀಗೆ ಒಬ್ಬೊಬ್ಬರೊಡನೆಯೂ ಒಪ್ಪಂದವಾಯಿತು. ಹಿಂದೆ ಓದುವುದಕ್ಕೆ ಕೊಡುತ್ತಿದ್ದ ಚಂದಾ ಹಣವನ್ನೇ ಈಗ ಓದುವುದಕ್ಕೂ ಪ್ರಕಟಿಸುವುದಕ್ಕೂ ಒಟ್ಟಾಗಿ ಕೊಡುವುದು ಈ ಒಪ್ಪಂದಗಳ ತಿರುಳು. ಹಣ ಹೋಗುವ ಮನೆ ಬದಲಾಗಲಿಲ್ಲ. ರಸೀದಿಯ ಮೇಲಿನ ಬರಹ ಬದಲಾಯಿತು. ಸಾರ್ವಜನಿಕರ ಹಣದ ಈ ವ್ಯವಹಾರದಲ್ಲಿ ಬೆಲೆಗಳು ಬಹುಕಾಲ ಗುಟ್ಟಾಗಿಯೇ ಉಳಿದಿದ್ದುವೆಂಬುದೂ, ಮಾಹಿತಿಯನ್ನು ಕೇಳುವ ಕಾನೂನಿನ ಮೂಲಕ ಒತ್ತಾಯಿಸಿದ ಮೇಲೆ ೨೦೧೬ರಲ್ಲಿ ಅವು ಬಯಲಿಗೆ ಬಂದುವೆಂಬುದೂ ಇಲ್ಲಿ ಸ್ಮರಣೀಯ. ಮುಕ್ತತೆಯನ್ನು ಕೊಳ್ಳುವ ಪತ್ರವೇ ಮುಚ್ಚಿದ ಲಕೋಟೆಯಲ್ಲಿತ್ತು. ೨೦೨೦ರ ಮೇ ತಿಂಗಳಲ್ಲಿ ಎಲ್ಸೆವಿಯರ್ ಜೊತೆ ಮಾಡಿಕೊಂಡ ಮುಂದಿನ ಒಪ್ಪಂದದಲ್ಲಿ ಪ್ರಕಟಣೆಯೊಡನೆ ಸಂಶೋಧನೆಯ ದತ್ತಾಂಶಗಳಿಗೆ ಸಂಬಂಧಿಸಿದ ಸೇವೆಗಳನ್ನೂ ಪ್ರಯೋಗಾರ್ಥವಾಗಿ ಸೇರಿಸಲಾಯಿತು. ಲೇಖನದ ಒಡೆತನವು ಕೈಬಿಟ್ಟುಹೋಗುವ ಹೊತ್ತಿಗೆ, ಆ ಲೇಖನವನ್ನು ಯಾರು ಬರೆದರು, ಯಾರು ಉಲ್ಲೇಖಿಸಿದರು, ಯಾವ ವಿಭಾಗ ಮುಂದಿದೆ ಎಂಬ ಲೆಕ್ಕದ ಪುಸ್ತಕವನ್ನು ಪ್ರಕಾಶಕನು ಕೈಗೆ ತೆಗೆದುಕೊಂಡನೆಂದು ಆ ದೇಶದ ವಿದ್ವಾಂಸರಲ್ಲಿಯೇ ಹಲವರು ಆಕ್ಷೇಪಿಸಿದರು. ಆ ಆಕ್ಷೇಪ ನಿರಾಧಾರವಾದುದಲ್ಲ.

ಆದರೂ ಈ ಒಪ್ಪಂದಗಳಿಂದ ನಮಗಾದ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಡಚ್ ವಿಶ್ವವಿದ್ಯಾಲಯದ ಒಬ್ಬ ವಿದ್ವಾಂಸನು ಜೈನ ತರ್ಕವನ್ನು ಕುರಿತು ಸ್ಪ್ರಿಂಗರ್ ಪ್ರಕಟಿಸುವ ಭಾರತೀಯ ದರ್ಶನದ ಪತ್ರಿಕೆಯಲ್ಲಿ ಬರೆದರೆ, ಅದನ್ನು ಮೂಡಬಿದಿರೆಯಲ್ಲಿ ಕುಳಿತವನೂ ಹಣ ಕೊಡದೆ ಓದಬಹುದು, ಪ್ರತಿ ಮಾಡಿಕೊಳ್ಳಬಹುದು, ಕನ್ನಡಕ್ಕೆ ಅನುವಾದಿಸಬಹುದು. ಇಪ್ಪತ್ತು ವರ್ಷಗಳ ಹಿಂದೆ ಇಂಥ ಒಂದು ಲೇಖನಕ್ಕಾಗಿ ವಿದೇಶದ ಮಿತ್ರರಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾದವರಿಗೆ ಇದರ ಬೆಲೆ ಗೊತ್ತು.

ನಮ್ಮ ಪರಂಪರೆಯಲ್ಲಿ ಇದಕ್ಕೆ ಶಾಸ್ತ್ರದಾನವೆಂದು ಹೆಸರು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಪ್ರತಿಯ ಖರ್ಚನ್ನು ದಾನಿ ಹೊರುತ್ತಾನೆ, ಓದುವವನು ಏನನ್ನೂ ಕೊಡಬೇಕಾಗಿಲ್ಲ. ಹೊರನೋಟಕ್ಕೆ ಡಚ್ ಒಪ್ಪಂದದ ರಚನೆಯೂ ಇದೇ. ಆದರೆ ಹೋಲಿಕೆಯನ್ನು ಇಷ್ಟಕ್ಕೇ ಬಿಡಲಾಗದು. ಅತ್ತಿಮಬ್ಬೆಯ ಲಿಪಿಕಾರನಿಗೆ ಸಂದದ್ದು ಕೂಲಿ. ಪ್ರತಿಯು ಅವನ ಕೈಯಿಂದ ಹೊರಟ ಮೇಲೆ ಆ ಗ್ರಂಥದ ಮೇಲಾಗಲಿ, ಮುಂದೆ ಯಾರು ಪುರಾಣ ಬರೆಯಬೇಕೆಂಬುದರ ಮೇಲಾಗಲಿ ಅವನಿಗೆ ಯಾವ ಹಿಡಿತವೂ ಇರಲಿಲ್ಲ; ಪುಷ್ಪಿಕೆಯಲ್ಲಿ ಹೆಸರು ಉಳಿದರೆ ಅದೇ ಹೆಚ್ಚು. ಡಚ್ ಒಪ್ಪಂದದಲ್ಲಿ ಲಿಪಿಕಾರನ ಸ್ಥಾನದಲ್ಲಿರುವ ಪ್ರಕಾಶಕನು ಕೂಲಿಯನ್ನೂ ಪಡೆಯುತ್ತಾನೆ, ಪತ್ರಿಕೆಯ ಹೆಸರನ್ನೂ ಅದರೊಡನೆ ಬರುವ ಪ್ರತಿಷ್ಠೆಯನ್ನೂ ತನ್ನ ಸ್ವತ್ತಾಗಿ ಇಟ್ಟುಕೊಳ್ಳುತ್ತಾನೆ. ಮುಂದಿನ ವರ್ಷದ ಕೂಲಿಯನ್ನು ಅವನೇ ಗೊತ್ತುಮಾಡುವುದಕ್ಕೆ ಇದು ಸಾಕು.

ಇನ್ನು ಮುಖ್ಯವಾದ ದೋಷಕ್ಕೆ ಬರೋಣ. ಈ ಒಪ್ಪಂದಗಳ ಪ್ರಯೋಜನ ಸಿಗುವುದು ಡಚ್ ಸಂಸ್ಥೆಗೆ ಸೇರಿದ ಲೇಖಕನಿಗೆ ಮಾತ್ರ; ಅದರಲ್ಲಿಯೂ ಪ್ರಕಾಶಕನೊಡನೆ ಪತ್ರವ್ಯವಹಾರ ನಡೆಸುವ ಲೇಖಕನೆಂದು ಯಾರ ಹೆಸರು ನಮೂದಾಗಿದೆಯೋ ಅವನು ಡಚ್ ಸಂಸ್ಥೆಯವನಾಗಿರಬೇಕು. ಇದರ ಪರಿಣಾಮವನ್ನು ನಮ್ಮ ಕ್ಷೇತ್ರದ ಒಂದು ಕಲ್ಪಿತ ಸಂದರ್ಭದಿಂದ ನೋಡಬಹುದು. ಕರ್ನಾಟಕದ ಒಬ್ಬ ಪಂಡಿತನೂ ಲೈಡನ್ನಿನ ಒಬ್ಬ ಪ್ರಾಧ್ಯಾಪಕನೂ ಕೂಡಿ ಒಂದು ಹಳಗನ್ನಡ ಟೀಕೆಯ ಪಾಠಾಂತರಗಳನ್ನು ಕುರಿತು ಬರೆದರೆಂದು ಭಾವಿಸೋಣ. ಓಲೆಗಳನ್ನು ಓದಿದವನು ಪಂಡಿತ. ಆದರೆ ಅವನ ಹೆಸರು ಪತ್ರವ್ಯವಹಾರದ ಸ್ಥಾನದಲ್ಲಿದ್ದರೆ ಲೇಖನವು ಒಪ್ಪಂದದ ಹೊರಗೆ ಬೀಳುತ್ತದೆ. ಸಾವಿರಾರು ಯೂರೋ ಶುಲ್ಕ ಕೊಡಬೇಕು, ಇಲ್ಲವೆ ಲೇಖನ ಚಂದಾದಾರರಿಗೆ ಮಾತ್ರ ಮೀಸಲಾಗಬೇಕು. ಪ್ರಾಧ್ಯಾಪಕನ ಹೆಸರಿದ್ದರೆ ಒಂದು ಯೂರೋ ಇಲ್ಲದೆ ಮುಕ್ತವಾಗುತ್ತದೆ. ಇಬ್ಬರೂ ಸಜ್ಜನರಾಗಿದ್ದರೂ ಯಾರ ಹೆಸರು ಎಲ್ಲಿರಬೇಕೆಂಬುದನ್ನು ಪಾಂಡಿತ್ಯವು ನಿರ್ಣಯಿಸುವುದಿಲ್ಲ, ಒಪ್ಪಂದ ನಿರ್ಣಯಿಸುತ್ತದೆ. ನಿವೃತ್ತರಾಗಿ ಯಾವ ಸಂಸ್ಥೆಗೂ ಸೇರದ ಡಚ್ ವಿದ್ವಾಂಸರಿಗೂ ಇದೇ ತೊಡಕು ಉಂಟೆಂಬುದನ್ನು ಸೇರಿಸಬೇಕು. ನಮ್ಮ ಕ್ಷೇತ್ರದಲ್ಲಿ ನಿವೃತ್ತರ ಕೆಲಸವೇ ಬಹಳ ಸಲ ಹೆಚ್ಚು ಬೆಲೆಯುಳ್ಳದ್ದು.

ಬಡ ದೇಶಗಳ ಲೇಖಕರಿಗೆ ಶುಲ್ಕದ ವಿನಾಯಿತಿ ಇದೆಯಲ್ಲವೆ ಎಂದು ಪ್ರಕಾಶಕರು ಹೇಳುವುದುಂಟು. ಈ ವಿನಾಯಿತಿಗೆ ಸಾಮಾನ್ಯವಾಗಿ ಆಧಾರವಾಗುವ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಭಾರತ ಸೇರಿಲ್ಲ. ಸೇರಿದ ದೇಶಗಳಿಗೂ ಬಹುಮಟ್ಟಿಗೆ ಪೂರ್ಣ ಮುಕ್ತ ಪತ್ರಿಕೆಗಳಲ್ಲಿ ಮಾತ್ರ ಅದು ಅನ್ವಯಿಸುತ್ತದೆ. ಚಂದಾ ಪಡೆಯುತ್ತಲೇ ಬಿಡಿ ಲೇಖನಗಳನ್ನು ಶುಲ್ಕಕ್ಕೆ ಮುಕ್ತಗೊಳಿಸುವ ಮಿಶ್ರ ಪತ್ರಿಕೆಗಳಲ್ಲಿ ಅನ್ವಯಿಸುವುದಿಲ್ಲ. ಪ್ರಾಚ್ಯವಿದ್ಯೆಯ ಹಳೆಯ, ಗೌರವಾನ್ವಿತ ಪತ್ರಿಕೆಗಳಲ್ಲಿ ಅನೇಕವು ಈ ಎರಡನೆಯ ಬಗೆಯವು. ಒಟ್ಟಿನಲ್ಲಿ, ಓದುವವನ ಮುಂದಿದ್ದ ಬಾಗಿಲು ತೆರೆದುದು ನಿಜ, ಆದರೆ ಅದನ್ನು ಬರೆಯುವವನ ಮುಂದೆ ತಂದು ನಿಲ್ಲಿಸಲಾಗಿದೆ. ಡಚ್ ಸರ್ಕಾರವು ತನ್ನ ಪ್ರಜೆಗಳ ಹಿತವನ್ನು ನೋಡಿಕೊಂಡರೆ ಅದರಲ್ಲಿ ತಪ್ಪೇನು ಎಂದು ಕೇಳಬಹುದು. ತಪ್ಪಿಲ್ಲ. ಆದರೆ ಈ ನೀತಿಯನ್ನು ಜಗತ್ತಿನ ಮಾದರಿಯೆಂದು ಸಾರಿದವರು ಅವರೇ; ೨೦೧೬ರಲ್ಲಿ ಯುರೋಪ್ ಒಕ್ಕೂಟದ ಅಧ್ಯಕ್ಷತೆ ತಮ್ಮದಾಗಿದ್ದಾಗ ಇತರ ದೇಶಗಳಿಗೂ ಇದನ್ನು ಒಪ್ಪಿಸಲು ಶ್ರಮಿಸಿದವರೂ ಅವರೇ. ಮಾದರಿಯೆಂದ ಮೇಲೆ ಅದನ್ನು ಅನುಸರಿಸಲಾರದವರ ಗತಿಯನ್ನೂ ಕೇಳುವುದು ನ್ಯಾಯ.

ಇದೇ ದೇಶದಲ್ಲಿ ಬೇರೆ ಎರಡು ದಾರಿಗಳೂ ಹುಟ್ಟಿಕೊಂಡುವು. ಅವುಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂಬುದೇ ಈ ಲೇಖಕನ ಮುಖ್ಯ ಅಭಿಪ್ರಾಯ.

ಒಂದನೆಯದು ಭಾಷಾಶಾಸ್ತ್ರದ ಕ್ಷೇತ್ರದಲ್ಲಿ ನಡೆದ ಘಟನೆ. 'ಲಿಂಗ್ವಾ' ಎಂಬ ಪತ್ರಿಕೆಯು ೧೯೪೯ರಿಂದ ನಡೆದುಬಂದು ಎಲ್ಸೆವಿಯರ್ ಸಂಸ್ಥೆಯ ಒಡೆತನಕ್ಕೆ ಸೇರಿತ್ತು. ೨೦೧೫ರಲ್ಲಿ ಅದರ ಕಾರ್ಯನಿರ್ವಾಹಕ ಸಂಪಾದಕರಾಗಿದ್ದವರು ಲೈಡನ್ ವಿಶ್ವವಿದ್ಯಾಲಯದ ಯೋಹಾನ್ ರೋರಿಕ್. ಅವರೂ ಸಹಸಂಪಾದಕರೂ ಪ್ರಕಾಶಕರ ಮುಂದೆ ಕೆಲವು ಬೇಡಿಕೆಗಳನ್ನಿಟ್ಟರು: ಪತ್ರಿಕೆ ಪೂರ್ಣವಾಗಿ ಮುಕ್ತವಾಗಬೇಕು, ಲೇಖನವೊಂದರ ಶುಲ್ಕ ೪೦೦ ಯೂರೋಗಳನ್ನು ಮೀರಬಾರದು, ಪತ್ರಿಕೆಯ ಒಡೆತನ ವಿದ್ವಾಂಸರಿಗೆ ಬರಬೇಕು. ಸಂಸ್ಥೆ ಒಪ್ಪಲಿಲ್ಲ. ಸಂಪಾದಕರೆಲ್ಲರೂ ಸಂಪಾದಕಮಂಡಳಿಯ ಸದಸ್ಯರೂ ರಾಜೀನಾಮೆಯಿತ್ತು 'ಗ್ಲೋಸಾ' ಎಂಬ ಹೊಸ ಪತ್ರಿಕೆಯನ್ನು ಪ್ರಾರಂಭಿಸಿದರು. ಎನ್.ಡಬ್ಲ್ಯು.ಓ. ಮತ್ತು ವಿಶ್ವವಿದ್ಯಾಲಯಗಳ ಒಕ್ಕೂಟ ಮೊದಲ ಕೆಲವು ವರ್ಷಗಳ ಖರ್ಚಿಗೆ ನೆರವಾದುವು. ಅನಂತರ ಗ್ರಂಥಾಲಯಗಳು ಕೂಡಿ ನಡೆಸುವ ಮಾನವಿಕಗಳ ಮುಕ್ತ ಪ್ರಕಾಶನ ಸಂಸ್ಥೆಯೊಂದು ಭಾರ ಹೊತ್ತಿತು. ಹಳೆಯ ಹೆಸರು ಮಾತ್ರ ಎಲ್ಸೆವಿಯರ್ ಬಳಿಯೇ ಉಳಿಯಿತು, ಹೊಸ ಸಂಪಾದಕರಿಂದ ಆ ಪತ್ರಿಕೆಯೂ ನಡೆಯಿತು. ಪತ್ರಿಕೆಯೆಂದರೆ ಅದರ ಹೆಸರೋ, ಅದನ್ನು ಪರಿಶೀಲಿಸಿ ಬೆಳೆಸಿದ ವಿದ್ವಾಂಸರೋ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಎತ್ತಿದ ಮತ್ತೊಂದು ಪ್ರಸಂಗ ನಮ್ಮ ಕಾಲದಲ್ಲಿ ವಿರಳ.

ಈ ಪ್ರಸಂಗದಲ್ಲಿ ಅನುದಾನವು ಖರ್ಚಾದ ರೀತಿಯನ್ನು ಗಮನಿಸಬೇಕು. ಸಗಟು ಒಪ್ಪಂದದಲ್ಲಿ ಹಣವು ಪ್ರತಿವರ್ಷವೂ ಹರಿದುಹೋಗುತ್ತದೆ. ನಿಲ್ಲಿಸಿದ ದಿನ ಹೊಸ ಲೇಖನಗಳ ಮುಕ್ತತೆಯೂ ನಿಲ್ಲುತ್ತದೆ. ಇಲ್ಲಿ ಅಲ್ಪ ಹಣದಿಂದ ವಿದ್ವಾಂಸರ ಒಡೆತನದ ಒಂದು ಸಂಸ್ಥೆ ಹುಟ್ಟಿತು. ಎನ್.ಡಬ್ಲ್ಯು.ಓ. ಇಂಥವುಗಳಿಗೆ ಕೊಟ್ಟುದು ಒಪ್ಪಂದಗಳ ಮುಂದೆ ಎಷ್ಟು ಸ್ವಲ್ಪವೆಂಬುದನ್ನು ನೆನೆದರೆ ಖೇದವೆನಿಸುತ್ತದೆ.

ಎರಡನೆಯದು ಕಾನೂನಿನ ದಾರಿ. ೨೦೧೫ರ ಜುಲೈ ೧ರಿಂದ ಡಚ್ ಕೃತಿಸ್ವಾಮ್ಯ ಕಾಯಿದೆಗೆ ೨೫ಎಫ್‌ಎ ಎಂಬ ವಿಧಿ ಸೇರಿತು. ಅದನ್ನು ಸೂಚಿಸಿದ ಸಂಸತ್ಸದಸ್ಯ ಯೂಸ್ಟ್ ಟಾವರ್ನ ಅವರ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಪೂರ್ಣವಾಗಿಯಾಗಲಿ ಅಂಶತಃವಾಗಲಿ ಡಚ್ ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯನ್ನು ಆಧರಿಸಿದ ಕಿರುಕೃತಿಯ ಕರ್ತೃವು, ಅದು ಮೊದಲು ಪ್ರಕಟವಾದ ಮೇಲೆ ಯುಕ್ತವಾದ ಅವಧಿ ಕಳೆದೊಡನೆ, ಮೂಲ ಪ್ರಕಟಣೆಯನ್ನು ಸ್ಪಷ್ಟವಾಗಿ ಸೂಚಿಸಿ, ಅದನ್ನು ಉಚಿತವಾಗಿ ಸಾರ್ವಜನಿಕರಿಗೆ ಒದಗಿಸಬಹುದು. ಪ್ರಕಾಶಕನೊಡನೆ ಮಾಡಿಕೊಂಡ ಕರಾರಿನಲ್ಲಿ ಏನೇ ಬರೆದಿದ್ದರೂ ಈ ಹಕ್ಕು ಹೋಗುವುದಿಲ್ಲ. ಇದೇ ಜಾತಿಯ ವಿಧಿಯನ್ನು ಜರ್ಮನಿ ಸ್ವಲ್ಪ ಮೊದಲೇ ತಂದಿತ್ತು, ಆದರೆ ಅಲ್ಲಿ ಹನ್ನೆರಡು ತಿಂಗಳ ಕಾಯುವಿಕೆಯಿದೆ. ಡಚ್ ವಿಧಿಯಲ್ಲಿ 'ಯುಕ್ತವಾದ ಅವಧಿ' ಎಂದಷ್ಟೇ ಇದೆ. ನಾಲ್ಕು ವರ್ಷ ಈ ಹಕ್ಕನ್ನು ಬಳಸಿದವರು ಕಡಮೆ. ಯುಕ್ತವೆಂದರೆ ಎಷ್ಟು, ಪ್ರಕಾಶಕನು ದಾವೆ ಹೂಡಿದರೆ ಗತಿಯೇನು ಎಂಬ ಅಂಜಿಕೆ ಲೇಖಕರಲ್ಲಿತ್ತು. ೨೦೧೯ರಲ್ಲಿ ವಿಶ್ವವಿದ್ಯಾಲಯಗಳೇ ಮುಂದೆ ಬಂದು ಆ ಅವಧಿ ಆರು ತಿಂಗಳೆಂದು ತಾವೇ ನಿಶ್ಚಯಿಸಿ, ಲೇಖಕನು ಒಪ್ಪಿಗೆ ಕೊಟ್ಟರೆ ಸಾಕು, ಗ್ರಂಥಾಲಯವೇ ಲೇಖನವನ್ನು ತನ್ನ ಭಂಡಾರದಲ್ಲಿ ತೆರೆದಿಡುತ್ತದೆ, ತಕರಾರು ಬಂದರೆ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ ಎಂದು ಭರವಸೆಯಿತ್ತುವು.

ಈ ವಿಧಿಯ ಗುಣ ಅದರ ಮಿತವ್ಯಯದಲ್ಲಿದೆ. ಪ್ರಕಾಶಕನಿಗೆ ಹೊಸದಾಗಿ ಒಂದು ಕಾಸೂ ಸಲ್ಲುವುದಿಲ್ಲ. ಲೇಖಕನು ತಾನು ಆರಿಸಿಕೊಂಡ ಪತ್ರಿಕೆಯಲ್ಲಿಯೇ ಬರೆಯಬಹುದು. ಸಂಪಾದಿತ ಸಂಪುಟದ ಅಧ್ಯಾಯಕ್ಕೂ ಇದು ಅನ್ವಯಿಸುತ್ತದೆ. ನಮ್ಮ ಕ್ಷೇತ್ರದ ಉತ್ತಮ ಬರಹ ಎಷ್ಟೋ ವೇಳೆ ಅಭಿನಂದನ ಗ್ರಂಥಗಳ, ಸಮ್ಮೇಳನ ಸಂಪುಟಗಳ ಅಧ್ಯಾಯಗಳಲ್ಲಿ ಹುದುಗಿರುವುದರಿಂದ ಈ ಕೊನೆಯ ಅಂಶ ನಮಗೆ ವಿಶೇಷವಾದುದು. ಸಗಟು ಒಪ್ಪಂದಗಳು ಅಂಥ ಸಂಪುಟಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆರು ತಿಂಗಳ ತಡ ಭೌತವಿಜ್ಞಾನಿಗೆ ದೀರ್ಘವೆನಿಸಬಹುದು. ಎಂಟು ನೂರು ವರ್ಷಗಳ ಓಲೆಯನ್ನು ಓದುವವನಿಗೆ ಅಷ್ಟು ಕಾಯುವುದು ಭಾರವೇನೂ ಅಲ್ಲ. ಡಚ್ಚರು ತಮ್ಮ ಹಣದ ದೊಡ್ಡ ಪಾಲನ್ನು ಒಪ್ಪಂದಗಳಿಗೆ ಸುರಿಯುವ ಮೊದಲು ಈ ಕಾನೂನನ್ನು ಪೂರ್ಣವಾಗಿ ಪ್ರಯೋಗಿಸಿ ನೋಡಬಹುದಾಗಿತ್ತು. ಅವರು ಹಾಗೆ ಮಾಡದಿದ್ದುದಕ್ಕೆ ಕಾರಣ ೨೦೨೪ ಎಂಬ ಗಡುವಿನ ಆತುರವೆಂದು ತೋರುತ್ತದೆ. ಶೇಕಡಾವಾರು ಲೆಕ್ಕವನ್ನು ತೋರಿಸಬೇಕಾದ ಆಡಳಿತಕ್ಕೆ ಒಂದು ಸಹಿಯಿಂದ ಸಾವಿರಾರು ಲೇಖನಗಳು ಮುಕ್ತವಾಗುವ ದಾರಿ ಹೆಚ್ಚು ಸುಲಭ.

ಆದರೆ ಯಾವ ದಾರಿಯಿಂದ ಹೋದರೂ ಗ್ರಂಥಸಂಪಾದನೆ ಹೊರಗೇ ಉಳಿದಿತು. ೨೦೨೪ರ ಗುರಿಯ ಲೆಕ್ಕವೆಲ್ಲ ಲೇಖನಗಳದ್ದು. ಹಸ್ತಪ್ರತಿಶಾಸ್ತ್ರದ ಪ್ರಧಾನ ಫಲಗಳೋ ಪರಿಷ್ಕೃತ ಆವೃತ್ತಿ, ವಿವರಣಾತ್ಮಕ ಸೂಚಿ, ಪದಕೋಶ. ನೆದರ್ಲೆಂಡ್ಸಿನಲ್ಲಿಯೇ ನಡೆದ ಒಂದು ಕೆಲಸವನ್ನು ಉದಾಹರಿಸಬಹುದು. ನೇಪಾಳದಲ್ಲಿ ಉಳಿದುಬಂದ ಕ್ರಿ.ಶ. ೮೧೦ರ ತಾಡಓಲೆಯೊಂದನ್ನೂ ಇತರ ಪ್ರತಿಗಳನ್ನೂ ಆಧರಿಸಿ ಪ್ರಾಚೀನ ಸ್ಕಂದಪುರಾಣವನ್ನು ಸಂಪಾದಿಸುವ ಕಾರ್ಯವನ್ನು ಗ್ರೋನಿಂಗನ್ ವಿಶ್ವವಿದ್ಯಾಲಯದ ವಿದ್ವಾಂಸರು ಕೈಗೊಂಡರು. ಆಡ್ರಿಯಾನ್ಸನ್, ಬಕ್ಕರ್ ಮತ್ತು ಐಸಾಕ್‌ಸನ್ ಸಂಪಾದಿಸಿದ ಮೊದಲ ಸಂಪುಟ ೧೯೯೮ರಲ್ಲಿ ಬಂದಿತು; ಆ ಕೆಲಸ ಸಂಪುಟ ಸಂಪುಟವಾಗಿ ಮುಂದುವರಿಯುತ್ತ ಬಂದಿದೆ. ಎನ್.ಡಬ್ಲ್ಯು.ಓ. ಅನುದಾನವೂ ಇದಕ್ಕೆ ಸಂದಿದೆ. ಪುಟದ ಕೆಳಗೆ ಪ್ರತಿಯೊಂದು ಹಸ್ತಪ್ರತಿಯ ಪಾಠವನ್ನೂ ಕೊಟ್ಟ ಇಂಥ ಸಂಪುಟದ ಬೆಲೆಯನ್ನು ನಮ್ಮ ದೇಶದ ಸಾಧಾರಣ ಗ್ರಂಥಾಲಯ ತೆರಲಾರದು. ಡಚ್ ಸಂಶೋಧನಾ ನೀತಿಯ ಅತ್ಯುತ್ತಮ ಫಲಗಳಲ್ಲೊಂದು ಆ ನೀತಿಯ ಅಳತೆಗೋಲಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ!

ಪುಸ್ತಕಗಳನ್ನು ಮುಕ್ತಗೊಳಿಸುವ ಪ್ರಯತ್ನ ಅಲ್ಲಿ ನಡೆದೇ ಇಲ್ಲವೆಂದಲ್ಲ. ಹೇಗ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ನೆಲೆಸಿರುವ 'ಓಪೆನ್' ಪ್ರತಿಷ್ಠಾನವು ವಿದ್ವತ್ ಗ್ರಂಥಗಳ ಮುಕ್ತ ಭಂಡಾರವನ್ನು ನಡೆಸುತ್ತಿದೆ. ಅದು ಎನ್.ಡಬ್ಲ್ಯು.ಓ. ಸಹಕಾರದಿಂದ ಐವತ್ತು ಗ್ರಂಥಗಳನ್ನು ಮುಕ್ತವಾಗಿ ಪ್ರಕಟಿಸಿ, ಅವುಗಳ ಮಾರಾಟವನ್ನು ಅಂಥವೇ ಮುಕ್ತವಲ್ಲದ ಗ್ರಂಥಗಳ ಮಾರಾಟದೊಡನೆ ಹೋಲಿಸಿ ನೋಡಿತು. ಮುಕ್ತತೆಯಿಂದ ಅಚ್ಚಿನ ಪ್ರತಿಗಳ ಮಾರಾಟ ಕುಸಿಯಿತೆಂಬುದಕ್ಕೆ ಆಧಾರ ಸಿಗಲಿಲ್ಲ. ಪ್ರಕಾಶಕರ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಆದರೂ ಪುಸ್ತಕಗಳಿಗೆಂದೇ ಎನ್.ಡಬ್ಲ್ಯು.ಓ. ನಿಧಿಯನ್ನು ತೆರೆದುದು ೨೦೨೦ರಲ್ಲಿ. ಲೇಖನಗಳಿಗೆ ನಿಯಮ ಬಂದು ಆಗಲೇ ನಾಲ್ಕು ವರ್ಷಗಳ ಮೇಲಾಗಿತ್ತು.

ಹಸ್ತಪ್ರತಿಗಳ ವಿಷಯದಲ್ಲಿ ಇನ್ನೊಂದು ಪ್ರಸಂಗವನ್ನು ಹೇಳದೆ ಬಿಡಲಾಗದು. ಲೈಡನ್ ವಿಶ್ವವಿದ್ಯಾಲಯದ ಅರಬ್ಬೀ ಮೊದಲಾದ ಪೌರಸ್ತ್ಯ ಹಸ್ತಪ್ರತಿಗಳಲ್ಲಿ ಸ್ಕಾಲಿಗರ್, ರಾಫೆಲೆಂಗಿಯಸ್, ಗೋಲಿಯಸ್ ಇವರ ಸಂಗ್ರಹಗಳು ಅತ್ಯಂತ ಹಳೆಯವು. ಹದಿನೇಳನೆಯ ಶತಮಾನದಲ್ಲಿಯೇ ಅವುಗಳಿಂದ ಆ ಗ್ರಂಥಾಲಯಕ್ಕೆ ಕೀರ್ತಿ ಬಂದಿತು. ಇವುಗಳ ಅಂಕೀಕೃತ ಛಾಯಾಪ್ರತಿಗಳು ಮೊದಲು ಹೊರಬಂದುದು ಬ್ರಿಲ್ ಸಂಸ್ಥೆಯ ಮೂಲಕ, ಗ್ರಂಥಾಲಯಗಳಿಗೆ ಬೆಲೆಗೆ ಮಾರುವ ಒಂದು ಸಂಗ್ರಹವಾಗಿ. ಛಾಯಾಗ್ರಹಣದ ಖರ್ಚನ್ನು ಯಾರಾದರೂ ಹೊರಲೇಬೇಕೆಂಬುದು ನಿಜ. ಆದರೆ ಆ ಹಸ್ತಪ್ರತಿಗಳನ್ನು ಬರೆದ ನಾಡುಗಳ ವಿದ್ವಾಂಸನು ತನ್ನ ಪೂರ್ವಿಕರ ಕ್ಷೇತ್ರಗಣಿತವನ್ನು ನೋಡಲು ಲೈಡನ್ನಿಗೆ ಪ್ರಯಾಣ ಮಾಡಬೇಕು, ಇಲ್ಲವೆ ಚಂದಾ ತೆರಬಲ್ಲ ವಿಶ್ವವಿದ್ಯಾಲಯದಲ್ಲಿರಬೇಕು ಎಂಬ ಸ್ಥಿತಿಯನ್ನು, ಮುಕ್ತ ವಿಜ್ಞಾನದ ಕರೆಯನ್ನು ಜಗತ್ತಿಗೆಲ್ಲ ಕೊಟ್ಟ ದೇಶದಲ್ಲಿ ಯಾರೂ ವಿಪರ್ಯಾಸವೆಂದು ಭಾವಿಸದಿದ್ದುದು ಆಶ್ಚರ್ಯ.

ಇತರರನ್ನು ಆಕ್ಷೇಪಿಸುವಾಗ ನಮ್ಮ ಭಂಡಾರಗಳ ಚರಿತ್ರೆಯನ್ನು ಮರೆಯುವಂತಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ, ಜಯಧವಲಾ, ಮಹಾಬಂಧಗಳ ತಾಡಓಲೆಗಳು ಶತಮಾನಗಳ ಕಾಲ ಶ್ರಾವಕರಿಗೆ ದರ್ಶನದ ವಸ್ತುಗಳಾಗಿದ್ದುವೇ ಹೊರತು ಅಧ್ಯಯನದ ವಸ್ತುಗಳಾಗಿರಲಿಲ್ಲ. ಕಾಪಾಡಿದವರ ಕಾಳಜಿಯಿಂದಲೇ ಅವು ಉಳಿದುವೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೂ ಪ್ರತಿಯು ಹೊರಗೆ ಹೋದುದು ನೇರವಾದ ದಾರಿಯಿಂದಲ್ಲ. ಪ್ರೊ. ಹೀರಾಲಾಲ್ ಜೈನ್ ಅವರು ಭೇಲ್ಸಾದ ಶೇಠ್ ಶಿತಾಬರಾಯ್ ಲಕ್ಷ್ಮೀಚಂದ್ರರ ದಾನನಿಧಿಯ ನೆರವಿನಿಂದ ೧೯೩೯ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದುವು ಪ್ರತಿಯ ಪ್ರತಿಗಳು. ಮೂಲ ಓಲೆಗಳೊಡನೆ ಹೋಲಿಸುವ ಅವಕಾಶ ದೊರೆತುದು ಆಮೇಲೆ. ಮೂಲವನ್ನು ಮುಚ್ಚಿಟ್ಟರೆ ತಪ್ಪುಳ್ಳ ಪ್ರತಿಯೇ ಜಗತ್ತಿನಲ್ಲಿ ಹರಡುತ್ತದೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಮುಚ್ಚಿದ ಪತ್ರಿಕೆಯ ಲೇಖನದ ಬದಲು ಎಲ್ಲೋ ಸಿಕ್ಕ ಅರೆಬರೆ ಕರಡನ್ನು ಉಲ್ಲೇಖಿಸುವ ಇಂದಿನ ಸಂಶೋಧನ ವಿದ್ಯಾರ್ಥಿಯ ಪಾಡೂ ಅದೇ ಜಾತಿಯದು.

ಭಾರತ ಸರ್ಕಾರವು ೨೦೨೪ರ ನವೆಂಬರಿನಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. ೨೦೨೫ರಿಂದ ೨೦೨೭ರವರೆಗಿನ ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು. ಡಚ್ಚರು ಮುಖ್ಯವಾಗಿ ಪ್ರಕಟಿಸುವ ಹಕ್ಕನ್ನು ಕೊಂಡರೆ ನಾವು ಮುಖ್ಯವಾಗಿ ಓದುವ ಹಕ್ಕನ್ನು ಕೊಂಡಿದ್ದೇವೆ. ಅದೂ ಸರ್ಕಾರದ ಉನ್ನತ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ. ಮಠಗಳೂ ಟ್ರಸ್ಟುಗಳೂ ದಾನಿಗಳ ನೆರವಿನಿಂದ ನಡೆಸುವ ಅಧ್ಯಯನ ಸಂಸ್ಥೆಗಳು, ಎಂದರೆ ಜೈನ ಹಸ್ತಪ್ರತಿಗಳ ಬಹುಭಾಗ ಯಾರ ಕೈಯಲ್ಲಿದೆಯೋ ಅವರು, ಆ ಪಟ್ಟಿಯ ಹೊರಗಿದ್ದಾರೆ. ಇಂಥವರ ಪಾಲಿಗೆ ದೆಹಲಿಯ ಚಂದಾಕ್ಕಿಂತ ಹೇಗ್‌ನ ನಿಯಮವೇ ಹೆಚ್ಚು ಉಪಕಾರಿಯಾಗಿರುವುದು ಒಂದು ವಿಚಿತ್ರ ಸಂಗತಿ. ಟಾವರ್ನ ವಿಧಿಯಂಥ ಹಕ್ಕು ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯಲ್ಲಿಲ್ಲ. ಕೇಂದ್ರದ ಎರಡು ವಿಜ್ಞಾನ ಇಲಾಖೆಗಳು ೨೦೧೪ರಲ್ಲಿ ತಮ್ಮ ಅನುದಾನದ ಲೇಖನಗಳನ್ನು ಭಂಡಾರದಲ್ಲಿಡಬೇಕೆಂದು ನಿಯಮ ಮಾಡಿದುವು; ಮಾನವಿಕಗಳಿಗೆ ಅದು ಅನ್ವಯಿಸದು. ಕಾಯಿದೆಯ ತಿದ್ದುಪಡಿಗೆ ಖಜಾನೆಯಿಂದ ಹಣ ಬೇಕಾಗಿಲ್ಲ. ೨೦೨೭ರಲ್ಲಿ ಚಂದಾದ ಅವಧಿ ಮುಗಿದು ಹೊಸ ಬೆಲೆಯ ಮಾತುಕತೆ ನಡೆಯುವ ಮೊದಲೇ ಅದನ್ನು ಕೇಳುವುದು ವಿದ್ವತ್ಪರಿಷತ್ತುಗಳ ಕೆಲಸ.

ಅಲ್ಲಿಯವರೆಗೆ ನಮ್ಮ ಭಂಡಾರಗಳು ತಮ್ಮ ಕೈಯಲ್ಲಿರುವುದನ್ನಾದರೂ ಮಾಡಬಹುದು. ವಿದೇಶೀ ಯೋಜನೆಯೊಂದು ಓಲೆಗಳ ಛಾಯಾಪ್ರತಿಯನ್ನು ಕೇಳಿದಾಗ ಇಂದು ಬರೆಯುವ ಒಪ್ಪಿಗೆಯ ಪತ್ರದಲ್ಲಿ ಸಾಮಾನ್ಯವಾಗಿ ಕೃತಜ್ಞತೆಯ ಸಾಲಿನ ವಿಷಯವೊಂದೇ ಇರುತ್ತದೆ. ಓಲೆಗಳನ್ನು ಓದಿಕೊಟ್ಟವರ ಹೆಸರು ಎಲ್ಲಿ ಬರಬೇಕು, ಪತ್ರಿಕೆ ಅಂಗೀಕರಿಸಿದ ಕರಡನ್ನು ಯಾವ ಮುಕ್ತ ಭಂಡಾರದಲ್ಲಿ ಎಷ್ಟು ತಿಂಗಳೊಳಗೆ ಇಡಬೇಕು, ಪರಿಷ್ಕೃತ ಆವೃತ್ತಿ ಪುಸ್ತಕವಾಗಿ ಬಂದರೆ ಅದರ ಮುಕ್ತ ಪ್ರತಿಯ ಖರ್ಚು ಯಾವ ಅನುದಾನದಿಂದ ಬರಬೇಕು ಎಂಬ ಮೂರು ಸಾಲುಗಳನ್ನು ಅದಕ್ಕೆ ಸೇರಿಸಿದರೆ ಡಚ್ ವಿದ್ವಾಂಸರು ಬೇಡವೆನ್ನಲಾರರು. ಅವರ ಮಂಡಳಿಯ ನಿಯಮವೇ ಅವರನ್ನು ಅತ್ತ ನೂಕುತ್ತದೆ. ಪತ್ರಕ್ಕೆ ಸಹಿಯಾಗಬೇಕಾದುದು ಛಾಯಾಗ್ರಾಹಕನು ಕಟ್ಟು ಬಿಚ್ಚುವುದಕ್ಕಿಂತ ಮೊದಲು.